ನಡುರಾತ್ರಿಯಲ್ಲಿ ತಲೆದೂಗಿದವರು

ಸಂಗೀತಕ್ಕೆ ಮನಸೋತ ರಸಿಕನು ತಲೆದೂಗುವುದು ನಮ್ಮ ನಾಡಿನ ವಾಡಿಕೆ. ಪಶ್ಚಿಮದ ದೇಶಗಳಲ್ಲಿ ಒಂದು ಬಗೆಯ ಸಂಗೀತವುಂಟು. ಅದರ ಅಭಿಮಾನಿಗಳು ತಲೆದೂಗುವಷ್ಟರಿಂದ ತೃಪ್ತರಾಗುವುದಿಲ್ಲ. ಹೆಗಲ ಮೇಲಿನ ಕೂದಲು ಗಾಳಿಗೆ ಹಾರುವಂತೆ ತಲೆಯನ್ನು ಕೊಡಹುತ್ತಾರೆ. ಇದೇ ‘ಹೆವಿ ಮೆಟಲ್’. ಕೇಳುವವರಿಗೆ ಇದು ಗುಡುಗು, ಒಲ್ಲದವರಿಗೆ ತಗಡಿನ ಅಂಗಡಿಯ ಸದ್ದು!

ತಗಡಿಗೂ ಇದಕ್ಕೂ ನಿಜವಾಗಿ ನಂಟುಂಟು. ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಟೋನಿ ಅಯೋಮಿ ಎಂಬ ತರುಣನ ಎರಡು ಬೆರಳ ತುದಿಗಳು ಯಂತ್ರಕ್ಕೆ ಬಲಿಯಾದವು. ಗಿಟಾರಿನ ತಂತಿಯನ್ನು ಒತ್ತಬೇಕಾದ ಬೆರಳುಗಳೇ ಅವು. ಆತನು ಎದೆಗುಂದಲಿಲ್ಲ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡ. ಹಗುರವಾದ ತಂತಿಗಳನ್ನು ಬಿಗಿದ. ಮುಂದೆ ಶ್ರುತಿಯನ್ನೂ ತಗ್ಗಿಸಿದ. ಆತನಿದ್ದ ‘ಬ್ಲ್ಯಾಕ್ ಸ್ಯಾಬತ್’ ತಂಡದ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿಯಲ್ಲಿ ಹೊರಬಂದಿತು. ಹೊಸ ಸಂಗೀತವೊಂದು ಹುಟ್ಟಿತು.

1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಎಂಬ ದೂರದರ್ಶನ ವಾಹಿನಿ ಆರಂಭವಾಯಿತು. ಹಾಡು ಕೇಳುವ ವಸ್ತುವಷ್ಟೇ ಆಗಿರದೆ ನೋಡುವ ವಸ್ತುವೂ ಆಯಿತು. ಆದರೆ ಹಿರಿಯರ ಕಳವಳ ಹೆಚ್ಚಿತು. ಇಂಥ ಹಾಡುಗಳಿಂದ ಮಕ್ಕಳು ಕೆಡುವರೆಂಬ ದೂರು 1985ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಸೆನೆಟ್ ಸಮಿತಿಯವರೆಗೂ ಹೋಯಿತು. ಗಾಯಕ ಡೀ ಸ್ನೈಡರ್ ಗುಂಗುರುಗೂದಲಿನಲ್ಲಿಯೇ ಅಲ್ಲಿಗೆ ಬಂದು, ತಾನೂ ಮಗುವಿನ ತಂದೆಯೆಂದು ಹೇಳಿ, ತನ್ನ ಹಾಡುಗಳ ಪರವಾಗಿ ಶಾಂತವಾಗಿ ವಾದಿಸಿದ. ಮುಂದೆ ಧ್ವನಿಮುದ್ರಿಕೆಗಳ ಮೇಲೆ ಹೆತ್ತವರಿಗೆ ಎಚ್ಚರಿಕೆ ನೀಡುವ ಚೀಟಿ ಕಾಣಿಸಿಕೊಂಡಿತು. ಚೀಟಿಯನ್ನು ಕಂಡ ಹುಡುಗರ ಕುತೂಹಲ ಇಮ್ಮಡಿಯಾಗಿರಬೇಕೆಂದು ವಾಚಕರು ಊಹಿಸಬಹುದು!

1987ರ ಏಪ್ರಿಲ್ 18ರಂದು ‘ಹೆಡ್‌ಬ್ಯಾಂಗರ್ಸ್ ಬಾಲ್’ ಎಂಬ ಕಾರ್ಯಕ್ರಮ ಮೊದಲಾಯಿತು. ತಲೆ ಕೊಡಹುವವರ ಕೂಟವೆಂದು ಅದರ ಅರ್ಥ. ಶನಿವಾರ ನಡುರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ ಅದರ ವೇಳೆ. ಧ್ವನಿಯನ್ನು ತಗ್ಗಿಸಿ, ಪೆಟ್ಟಿಗೆಯ ಹತ್ತಿರಕ್ಕೆ ಸರಿದು ಕುಳಿತು ನೋಡಬೇಕು. ಕಣ್ಣು ಎಳೆಯುವವರು ವಿಡಿಯೊ ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡು ಭಾನುವಾರ ನೋಡುವರು. ಮೆಚ್ಚಿದ ಹಾಡು ಈ ವಾರ ಬಾರದಿದ್ದರೆ ಮುಂದಿನ ವಾರದವರೆಗೆ ಕಾಯಬೇಕು. ಸಣ್ಣ ಊರಿನಲ್ಲಿ ತನ್ನ ಅಭಿರುಚಿಯವನು ತಾನೊಬ್ಬನೇ ಎಂದು ಕೊರಗುತ್ತಿದ್ದ ಹುಡುಗನಿಗೆ, ತನ್ನಂತೆಯೇ ಎಚ್ಚರವಾಗಿರುವವರು ಇನ್ನೂ ಇದ್ದಾರೆಂಬ ಧೈರ್ಯ ಆ ಹೊತ್ತಿನಲ್ಲಿ ದೊರೆಯುತ್ತಿತ್ತು.

ಕೇವಲ ಗದ್ದಲವೆಂದು ಇದನ್ನು ತಳ್ಳಿಹಾಕುವವರು ಮೆಟಾಲಿಕಾ ತಂಡದ ‘ಒನ್’ ಹಾಡನ್ನು ನೋಡಬೇಕು. ಮೂರು ಧ್ವನಿಮುದ್ರಿಕೆಗಳವರೆಗೆ ವಿಡಿಯೊ ಮಾಡದಿದ್ದ ಆ ತಂಡದ ಮೊದಲ ವಿಡಿಯೊ ಅದು. 1989ರಲ್ಲಿ ಎಂಟಿವಿಯಲ್ಲಿ ಬಂದಿತು. ಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಮಾತು ಎಲ್ಲವನ್ನೂ ಕಳೆದುಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿ ಬದುಕಿ ಉಳಿದ ಸಿಪಾಯಿಯೊಬ್ಬನ ಕತೆ ಅದರಲ್ಲಿದೆ. ಡಾಲ್ಟನ್ ಟ್ರಂಬೋ 1971ರಲ್ಲಿ ತೆಗೆದ ಚಲಚ್ಚಿತ್ರದ ದೃಶ್ಯಗಳನ್ನು ಅದರಲ್ಲಿ ಹೆಣೆಯಲಾಗಿದೆ. ಅದನ್ನು ನೋಡಿದ ಹುಡುಗನಿಗೆ ಯುದ್ಧವೆಂದರೆ ಬರಿಯ ಪದಕವಲ್ಲವೆಂದು ತಿಳಿಯಲು ಪಾಠಪುಸ್ತಕ ಬೇಕಾಗಲಿಲ್ಲ.

ಕಾಲ ಬದಲಾಯಿತು. 1991ರಲ್ಲಿ ‘ನಿರ್ವಾಣ’ ತಂಡದ ಕರ್ಟ್ ಕೋಬೇನ್ ಈ ಕೂಟಕ್ಕೆ ಹಳದಿ ನಿಲುವಂಗಿಯ ಸ್ತ್ರೀವೇಷದಲ್ಲಿ ಬಂದು ಕುಳಿತ. ತರುಣರ ಒಲವು ಅಂಥ ಹೊಸ ತಂಡಗಳ ಕಡೆಗೆ ಹೊರಳಿತು. 1995ರಲ್ಲಿ ಕಾರ್ಯಕ್ರಮ ನಿಂತಿತು. 2003ರಲ್ಲಿ ಸೋದರ ವಾಹಿನಿಯೊಂದು ಅದನ್ನು ಮತ್ತೆ ಎಬ್ಬಿಸಿತಾದರೂ, 2005ರಲ್ಲಿ ಯೂಟ್ಯೂಬ್ ಹುಟ್ಟಿದ ಮೇಲೆ ಶನಿವಾರಕ್ಕಾಗಿ ಕಾಯುವ ಅಗತ್ಯವೇ ಉಳಿಯಲಿಲ್ಲ.

ನಮ್ಮ ದೇಶಕ್ಕೆ ಎಂಟಿವಿ 1991ರಲ್ಲಿ ಸ್ಟಾರ್ ವಾಹಿನಿಗಳ ಜೊತೆಯಲ್ಲಿ, ಉಪಗ್ರಹದ ಮೂಲಕ ಬಂದಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ‘ಐರನ್ ಮೇಡನ್’, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ನುಡಿಸಿದಾಗ ಸಾವಿರಾರು ತಲೆಗಳು ಒಟ್ಟಿಗೆ ತೂಗಿದವು. 2025ರ ಜುಲೈ 5ರಂದು ಬ್ಲ್ಯಾಕ್ ಸ್ಯಾಬತ್ ತನ್ನ ಹುಟ್ಟೂರಿನಲ್ಲಿ ಬೀಳ್ಕೊಡುಗೆಯ ಕಚೇರಿ ನಡೆಸಿತು. ಸಿಂಹಾಸನದಂಥ ಆಸನದಲ್ಲಿ ಕುಳಿತೇ ಹಾಡಿದ ಗಾಯಕ ಆಜಿ ಆಸ್ಬರ್ನ್ ಅದೇ ತಿಂಗಳ 22ರಂದು ತೀರಿಕೊಂಡ.

ಇಂದು ಆ ಹಾಡುಗಳೆಲ್ಲ ಬೆರಳ ತುದಿಯಲ್ಲಿವೆ. ಹಾಡು ಕಳೆದುಹೋಗಿಲ್ಲ, ಕಳೆದುಹೋದುದು ಹಾಡಿಗಾಗಿ ಒಂದು ವಾರ ಕಾದ ಆ ತವಕ, ಕಾಣದ ಸಾವಿರಾರು ಜನರೊಡನೆ ಒಂದೇ ಹೊತ್ತಿಗೆ ಎಚ್ಚರವಾಗಿದ್ದ ಆ ಸಖ್ಯ. ಅಂದು ಧ್ವನಿ ತಗ್ಗಿಸಿ ನೋಡಿದ ಹುಡುಗರು ಇಂದು ಐವತ್ತರ ಆಸುಪಾಸಿನ ಗೃಹಸ್ಥರು. ಮಗನ ಕೋಣೆಯಿಂದ ಅರ್ಥವಾಗದ ಸದ್ದು ಕೇಳಿಬಂದಾಗ ಅವರೂ ಹುಬ್ಬು ಗಂಟಿಕ್ಕುತ್ತಿರಬಹುದು. ಕದ ತಟ್ಟಿ ಗದರಿಸುವ ಮೊದಲು ಒಳಗೆ ಹೋಗಿ, ಒಂದು ಹಾಡು ಮುಗಿಯುವಷ್ಟು ಹೊತ್ತು ಪಕ್ಕದಲ್ಲಿ ಕುಳಿತರೆ ಹೇಗೆ? ತಲೆದೂಗದಿದ್ದರೂ ಚಿಂತೆಯಿಲ್ಲ.