‘ನೆಟ್ ಹೋಗೇತಿ’ ಅಂದ್ರ ಎಲ್ಲಿ ಹೋಗೇತಿ?

(ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಬೆಳಗಾವಿಯಿಂದ ನಿಮ್ಮ ಗೆಳೆಯ ಮಾತಾಡ್ತಿದ್ದೇನೆ. ಹೆಡ್‌ಫೋನ್ ಹಾಕ್ಕೊಂಡಿದ್ರೆ ಇವತ್ತು ತೆಗೀರಿ, ಮನೆಯವರಿಗೂ ಕೇಳಲಿ. ಯಾಕಂದ್ರೆ ಮನೆಯಲ್ಲಿ ನೆಟ್ ಹೋದಾಗ ಜಗಳ ಶುರುವಾಗೋದು ಎಲ್ಲರ ಮನೆಯಲ್ಲೂ ಒಂದೇ ಥರ: “ನೀನೇ ಏನೋ ಮಾಡಿದಿ!”

ಜುಲೈ ತಿಂಗಳ 20ನೇ ತಾರೀಖು, ಸಂಜೆ ಏಳೂವರೆ. ನಾನು ಟಿಳಕವಾಡಿಯ ನನ್ನ ಬಾಡಿಗೆ ರೂಮಿನಲ್ಲಿ ಎಡಿಟಿಂಗ್ ಮಾಡ್ತಾ ಕೂತಿದ್ದೆ. ಖಾನಾಪುರದಿಂದ ಕಾಕಾನ ಮಗಳ ಫೋನ್ ಬಂತು.

“ಅಣ್ಣಾ, ನೆಟ್ ಹೋಗೇತಿ. ರಿಟರ್ನ್ ತುಂಬೂದು ಇನ್ನೂ ಬಾಕಿ ಐತಿ. ಮಧ್ಯಾಹ್ನ ಸಿನಿಮಾ ನೋಡಿ ಕಂಪ್ಯೂಟರ್ ಕೆಡಿಸಿದಿ ಅಂತ ಅಪ್ಪಾ ನನ್ನ ಮ್ಯಾಲೆ ಒದರಾಕತ್ತಾರ.”

ಕಾಕಾಂದು ಖಾನಾಪುರದಾಗ ಸಣ್ಣ ಹಾರ್ಡ್‌ವೇರ್ ಅಂಗಡಿ. ಹಿಂದೆ ಮನೆ, ಮುಂದೆ ಅಂಗಡಿ. ನಾನು ಬಿ.ಕಾಂ. ಮಾಡಿದವ ಅಂತ ಅವರ ಜಿಎಸ್‌ಟಿ ಲೆಕ್ಕ ನನ್ನ ಪಾಲಿಗೆ ಬಂದಿದೆ, ಕೂತು ಟೈಪ್ ಮಾಡೋದು ತಂಗಿ. ತಿಂಗಳ ಲೆಕ್ಕ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ರಿಟರ್ನ್‌ಗೆ ಮುಂದಿನ ತಿಂಗಳ 20 ಕೊನೇ ದಿನ. ಚಲನ್ ಹಣ ಕಟ್ಟಿಯಾಗಿತ್ತು, ಫೈಲ್ ಮಾಡೋದೊಂದೇ ಬಾಕಿ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ, ಕೇಂದ್ರಕ್ಕೆ 25, ರಾಜ್ಯಕ್ಕೆ 25. ಮೊತ್ತ ದೊಡ್ಡದಲ್ಲ ಬಿಡ್ರಿ. ಆದರೆ ಒಂದು ದಿನವೂ ತಡ ಮಾಡದ ಮನುಷ್ಯ ನಮ್ಮ ಕಾಕಾ. ನೆಟ್ ಕಂಪನಿಯವರು “ನಾಳೆ ಬರ್ತೀವಿ” ಅಂದಿದ್ದರು. ಹೊರಗೆ ಖಾನಾಪುರದ ಮಳೆ.

ನಾನು ಕೇಳಿದೆ, “ನಿನ್ನ ಫೋನ್‌ದಾಗ ನೆಟ್ ಐತೇನು?”

“ಐತಿ. ವಾಟ್ಸಾಪ್ ಬರಾಕತ್ತೇತಿ.”

ಅಲ್ಲಿಗೆ ನಾನು ತೀರ್ಪು ಕೊಟ್ಟುಬಿಟ್ಟೆ. ಫೋನಿಗೆ ವೈಫೈ ಬರ್ತಿದೆ, ಅಂದ್ರೆ ಲೈನ್ ಸರಿ ಇದೆ, ಕೆಟ್ಟಿರೋದು ಕಂಪ್ಯೂಟರೇ. ಕಾಕಾ ಹೇಳಿದ್ದೇ ಖರೆ ಅಂದ್ಕೊಂಡೆ. ಮುಂದಿನ ಒಂದು ತಾಸು ಪಾಪ ಆ ಹುಡುಗಿ ಕಂಪ್ಯೂಟರ್‌ ಜತೆ ಗುದ್ದಾಡಿದಳು. ಕೇಬಲ್ ತೆಗೆದು ಹಾಕಿದ್ದಾಯಿತು, ಎರಡು ಸಲ ರೀಸ್ಟಾರ್ಟ್ ಆಯಿತು, ಆಂಟಿವೈರಸ್ ಬಂದ್ ಮಾಡಿದ್ದೂ ಆಯಿತು. ಏನೂ ಆಗಲಿಲ್ಲ.

ಎಂಟೂವರೆಗೆ ನನ್ನ ತಲೆಗೆ ಹೊಳೀತು. “ಮೊಬೈಲ್ ಡೇಟಾ ಬಂದ್ ಮಾಡಿ ನೋಡವಾ.” ಬಂದ್ ಮಾಡಿದಳು. ವಾಟ್ಸಾಪ್ ಕೂಡ ನಿಂತಿತು!

ಸುಳ್ಳು ಸಾಕ್ಷಿ

ನಮ್ಮ ಫೋನ್‌ಗಳು ಭಾಳ ಶಾಣ್ಯಾ ಇರ್ತಾವ್ರಿ. ವೈಫೈ ಇದ್ದೂ ಅದರಲ್ಲಿ ಇಂಟರ್ನೆಟ್ ಇಲ್ಲ ಅಂತ ಗೊತ್ತಾದರೆ, ನಮಗೆ ಹೇಳದೇ ಮೊಬೈಲ್ ಡೇಟಾಕ್ಕೆ ಜಿಗೀತಾವೆ. ಮೇಲೆ ವೈಫೈ ಗುರುತು ಹಾಗೇ ಇರಬಹುದು. ಹಾಗಾಗಿ ಮೊದಲ ಪಾಠ: ಮನೆಯ ನೆಟ್ ಪರೀಕ್ಷೆ ಮಾಡುವಾಗ ಮೊಬೈಲ್ ಡೇಟಾ ಬಂದ್ ಮಾಡಿ. ಇಲ್ಲಾಂದ್ರೆ ನಿಮ್ಮ ಫೋನೇ ಸುಳ್ಳು ಸಾಕ್ಷಿ ಹೇಳುತ್ತೆ.

ಎರಡನೇ ಪಾಠವೂ ಅಲ್ಲೇ ಇತ್ತು. ಡೇಟಾ ನಡೀತಿದೆ ಅಂದ್ರೆ ಕೆಲಸ ಯಾಕೆ ನಿಲ್ಲಬೇಕು? ಅಂಗಡಿಯ ಕಂಪ್ಯೂಟರಿಗೆ ವೈಫೈ ಇಲ್ಲ, ಕೇಬಲ್ ಮಾತ್ರ. ಅದಕ್ಕೆ ಹಾಟ್‌ಸ್ಪಾಟ್ ಉಪಯೋಗವಿಲ್ಲ, ಆದರೆ ಯುಎಸ್‌ಬಿ ಟೆದರಿಂಗ್ ಇದೆಯಲ್ಲ. ಫೋನಿನ ಚಾರ್ಜಿಂಗ್ ಕೇಬಲ್ಲನ್ನು ಕಂಪ್ಯೂಟರಿಗೆ ಚುಚ್ಚಿ, ಡೇಟಾ ಮತ್ತೆ ಚಾಲೂ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಟೆದರಿಂಗ್ ಆನ್ ಮಾಡಿದರೆ ಮುಗೀತು. ಹತ್ತು ನಿಮಿಷದಲ್ಲಿ ಒಟಿಪಿ ಬಂತು, ರಿಟರ್ನ್ ಹೋಯಿತು. ಈ ಮಾತನ್ನ ನಾನು ಏಳೂವರೆಗೇ ಹೇಳಬೇಕಿತ್ತು. ಮೊದಲು ಕೆಲಸ ಮುಗಿಸ್ರಿ, ರಿಪೇರಿ ಆಮೇಲೆ.

ಕಾಕಾ ಸಮಾಧಾನ ಆದರು. ಆದರೆ ನೆಟ್ ಇನ್ನೂ ಇಲ್ಲ, ತಂಗಿಯ ಮೇಲಿನ ಆರೋಪ ಇನ್ನೂ ಹಾಗೇ ಇದೆ.

ತಾಳೆ ಆಗದ ಲೆಕ್ಕ

ಕಾಮರ್ಸ್ ಓದಿದವರಿಗೆ ಇದು ಬೇಗ ತಿಳಿಯುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗಲಿಲ್ಲ ಅಂದ್ರೆ ಇಡೀ ಲೆಜರ್ ಹರಿದು ಹಾಕ್ತೀವೇನು? ಇಲ್ಲ. ಒಂದೊಂದೇ ಖಾತೆಗೆ ಟಿಕ್ ಹಾಕ್ತಾ ಹೋಗ್ತೀವಿ. ಎಲ್ಲಿವರೆಗೆ ಸರಿ ಇದೆ ಅಂತ ಗೊತ್ತಾದರೆ ತಪ್ಪು ಅದರ ಮುಂದೆ ಇರುತ್ತೆ.

ನೆಟ್ ಕೂಡ ಹಂಗೇ ಒಂದು ಸರಪಳಿ. ಕಂಬದಿಂದ ಬರೋ ಫೈಬರ್ ಮೊದಲ ಕೊಂಡಿ. ಅದು ಬಂದು ಸೇರೋ ಬಾಕ್ಸ್ ಎರಡನೇದು, ಇದಕ್ಕೆ ಒಎನ್‌ಟಿ ಅಂತಾರೆ, ಬೆಳಕನ್ನು ನೆಟ್ ಆಗಿ ಬದಲಿಸೋದು ಇದರ ಕೆಲಸ. ಮೂರನೇದು ವೈಫೈ ರೌಟರ್. ಕೆಲವರ ಮನೆಯಲ್ಲಿ ಇವೆರಡೂ ಒಂದೇ ಡಬ್ಬಿ, ಕಾಕಾನ ಮನೆಯಲ್ಲಿ ಬೇರೆ ಬೇರೆ. ನಾಲ್ಕನೇದು ರೌಟರ್‌ನಿಂದ ಬರೋ ಕೇಬಲ್ ಅಥವಾ ವೈಫೈ. ಐದನೇದು ನಿಮ್ಮ ಫೋನ್ ಅಥವಾ ಕಂಪ್ಯೂಟರ್. “ನೆಟ್ ಹೋಗೇತಿ” ಅಂದ್ರೆ ಇದರಲ್ಲಿ ಯಾವ ಕೊಂಡಿ ಕಳಚಿದೆ ಅಂತ ಹುಡುಕಬೇಕು.

ಫೋನಿಗೂ ಇಲ್ಲ, ಕಂಪ್ಯೂಟರಿಗೂ ಇಲ್ಲ ಅಂದ ಮೇಲೆ ಐದನೇ ಕೊಂಡಿಯದು ತಪ್ಪಿಲ್ಲ. ಎರಡೂ ಏಕಕಾಲಕ್ಕೆ ಕೆಡೋದು ಅಪರೂಪ. ಅಂದ್ರೆ ತಂಗಿ ನೋಡಿದ ಸಿನಿಮಾಕ್ಕೂ ಇದಕ್ಕೂ ಸಂಬಂಧ ಇಲ್ಲ!

ಲೈಟ್ ಏನು ಹೇಳ್ತಾವೆ?

“ಫೈಬರ್ ಬಾಕ್ಸಿನ ಲೈಟ್ ನೋಡು. ಎಲ್‌ಒಎಸ್ ಅಂತ ಬರೆದದ್ದು ಕೆಂಪಗೆ ಹತ್ತೇತೇನು?”

“ಇಲ್ಲಣ್ಣ, ಆರಿ ಹೋಗೇತಿ. ಪಿಒಎನ್ ಅಂತ ಐತಲ್ಲ, ಅದು ಹಸಿರು ಐತಿ.”

ಇದು ಒಳ್ಳೇ ಸುದ್ದಿ. ಎಲ್‌ಒಎಸ್ ಕೆಂಪಗೆ ಮಿನುಗಿದರೆ ಕಂಪನಿ ಕಡೆಯಿಂದ ಬೆಳಕೇ ಬರ್ತಿಲ್ಲ ಅಂತ ಅರ್ಥ. ರಸ್ತೆ ಅಗೆದು ಕೇಬಲ್ ಕಡಿದಿರಬಹುದು, ಮರ ಬಿದ್ದಿರಬಹುದು, ಇಲ್ಲವೇ ಮನೆಯೊಳಗೆ ಕುರ್ಚಿ ಕಾಲಿಗೆ ಸಿಕ್ಕು ಫೈಬರ್ ಮಡಚಿರಬಹುದು. ಫೈಬರ್ ಒಳಗೆ ಕೂದಲೆಳೆಯಷ್ಟು ಗಾಜು ಇರುತ್ತೆ. ಚೂಪಾಗಿ ಬಗ್ಗಿದರೆ ಮುರಿಯದಿದ್ದರೂ ಬೆಳಕು ಸೋರಿ ಹೋಗುತ್ತೆ. ಮಡಚಿದ್ದರೆ ಮೆಲ್ಲಗೆ ಬಿಡಿಸಿ. ಆದರೆ ತುದಿ ಬಿಚ್ಚಿ ಅದರೊಳಗೆ ಕಣ್ಣಿಟ್ಟು ನೋಡಬೇಡಿ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಪಿಒಎನ್ ಲೈಟ್ ಮಿನುಗದೆ ಹಸಿರಾಗಿ ನಿಂತಿದ್ದರೆ ಬಾಕ್ಸು ಕಂಪನಿಯ ಜತೆ ಮಾತಾಡ್ತಿದೆ. ಹೀಗೆ ಖಾನಾಪುರದಲ್ಲಿ ಮೊದಲ ಎರಡು ಕೊಂಡಿಗೆ ಟಿಕ್ ಬಿತ್ತು. ವೈಫೈ ಹೆಸರು ಕಾಣ್ತಿತ್ತು, ಫೋನ್ ಅದಕ್ಕೆ ಕನೆಕ್ಟ್ ಆಗ್ತಿತ್ತು, ಅಂದ್ರೆ ರೌಟರೂ ಜೀವಂತ. ಉಳಿದದ್ದು ಬಾಕ್ಸು ಮತ್ತು ರೌಟರ್ ನಡುವಿನ ಒಂದು ಗೇಣುದ್ದದ ಕೇಬಲ್!

“ರೌಟರ್ ಹಿಂದ ನೋಡು. ಬಾಕ್ಸಿನಿಂದ ಬಂದ ಕೇಬಲ್ ಯಾವ ತೂತಿನ್ಯಾಗ ಐತಿ?”

“ಹಳದಿ ತೂತಿನ್ಯಾಗ. ಪಕ್ಕಕ್ಕ ಒಂದು ನೀಲಿ ತೂತು ಖಾಲಿ ಐತಿ.”

ಸಿಕ್ಕಿತು. ರೌಟರ್ ಹಿಂದೆ ಒಂದು ತೂತು ಬೇರೆಯಾಗಿರುತ್ತೆ. ಅದರ ಹೆಸರು ವ್ಯಾನ್, ಕೆಲವದರ ಮೇಲೆ ಇಂಟರ್ನೆಟ್ ಅಂತಲೇ ಬರೆದಿರುತ್ತೆ. ಹೊರಗಿನ ನೆಟ್ ಒಳಗೆ ಬರೋ ಹೆಬ್ಬಾಗಿಲು ಅದು. ಉಳಿದವು ಲ್ಯಾನ್, ಮನೆಯೊಳಗಿನ ಕೋಣೆಗಳ ಬಾಗಿಲು ಇದ್ದಂಗ. ಆಕಾರದಲ್ಲಿ ಎಲ್ಲಾ ಒಂದೇ, ಯಾವುದಕ್ಕೆ ಚುಚ್ಚಿದರೂ ‘ಟಕ್’ ಅಂತ ಕೂರುತ್ತೆ, ಲೈಟೂ ಹತ್ತುತ್ತೆ. ಆದರೆ ಹೊರಗಿನ ಕೇಬಲ್ ಲ್ಯಾನ್‌ಗೆ ಹೋದರೆ ವೈಫೈ ಬರುತ್ತೆ, ನೆಟ್ ಬರಲ್ಲ.

ಕೇಬಲ್ ನೀಲಿಗೆ ಹೋಯಿತು, ಎರಡು ನಿಮಿಷ ಕಾದೆವು, ನೆಟ್ ಬಂತು.

ಹಂಗಾದ್ರೆ ಯಾರು ಬದಲಿಸಿದ್ದು? ಮಧ್ಯಾಹ್ನ ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಕ್ಸ್ ನೆನೀತಾವೆ ಅಂತ ಕಾಕಾನೇ ಎಲ್ಲಾ ಬಿಚ್ಚಿ ಈಚೆ ಗೋಡೆಗೆ ತಂದು ಜೋಡಿಸಿದ್ದರು. ಒಳ್ಳೇದಕ್ಕೇ ಮಾಡಿದ್ದು, ತೂತು ತಪ್ಪಿತ್ತು ಅಷ್ಟೇ. ಫೋನಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಕಾಕಾನ ದನಿ: “ಆತ್ ಬಿಡವಾ, ನಾನಽ ತಪ್ಪಿಸಿದ್ದೆ. ಊಟಕ್ಕ ಬಾ.”

ಕಂಪ್ಯೂಟರಿನದೇ ತಪ್ಪಾಗಿದ್ದರೆ?

ಈಗ ಉಲ್ಟಾ ಪರಿಸ್ಥಿತಿ. ಡೇಟಾ ಬಂದ್ ಮಾಡಿದರೂ ಫೋನಿಗೆ ವೈಫೈನಲ್ಲಿ ನೆಟ್ ಬರ್ತಿದೆ, ಕಂಪ್ಯೂಟರಿಗೆ ಮಾತ್ರ ಇಲ್ಲ ಅನ್ಕೊಳ್ಳಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಹೊಡೀರಿ. ಐಪಿ ವಿಳಾಸ 192.168 ಅಂತ ಶುರುವಾದರೆ ಸಾಮಾನ್ಯವಾಗಿ ರೌಟರ್ ನಿಮಗೆ ನಂಬರ್ ಕೊಟ್ಟಿದೆ. 169.254 ಅಂತ ಇದ್ದರೆ ರೌಟರ್ ಸಿಗದೆ ಕಂಪ್ಯೂಟರ್ ತನಗೆ ತಾನೇ ಒಂದು ನಂಬರ್ ಇಟ್ಟುಕೊಂಡಿದೆ. ಕೇಬಲ್ ಸಡಿಲ ಇದೆಯಾ, ವೈಫೈ ಪಾಸ್‌ವರ್ಡ್ ಬದಲಾಗಿದೆಯಾ ನೋಡಿ.

ಆಮೇಲೆ ‘ಪಿಂಗ್’. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ಪ್ರೋಗ್ರಾಮರ್ ಬರೆದ ಪುಟ್ಟ ಸಾಧನ ಇದು. ನೀರಿನಡಿ ಸದ್ದು ಬಿಟ್ಟು ಪ್ರತಿಧ್ವನಿ ಕೇಳುವ ಸೋನಾರ್‌ನಿಂದ ಈ ಹೆಸರು ಬಂತು. ಕೆಲಸವೂ ಅದೇ: “ಓ” ಅಂತ ಕೂಗೋದು, ಆ ಕಡೆಯಿಂದ “ಓ” ಬರುತ್ತಾ ನೋಡೋದು. ಮೂರು ಸಲ ಕೂಗ್ರಿ. ಮೊದಲು ರೌಟರ್ ನಂಬರಿಗೆ, ಬಹಳ ಕಡೆ 192.168.1.1, ಬಾಕ್ಸಿನ ಅಡಿಯ ಚೀಟಿ ಮೇಲೂ ಇರುತ್ತೆ. ಎರಡನೇದು 8.8.8.8, ಇದು ಗೂಗಲ್‌ನದು. ಮೂರನೇದು ಯಾವುದಾದರೂ ವೆಬ್‌ಸೈಟ್ ಹೆಸರಿಗೆ.

ರೌಟರೇ ಓಗೊಡದಿದ್ದರೆ ತೊಂದರೆ ಮನೆಯೊಳಗೆ. ರೌಟರ್ ಓಗೊಟ್ಟು 8.8.8.8 ಸುಮ್ಮನಿದ್ದರೆ ತೊಂದರೆ ರೌಟರ್‌ನಿಂದಾಚೆ. ನಂಬರ್ ಓಗೊಟ್ಟು ಹೆಸರು ಮಾತ್ರ ಸಿಗದಿದ್ದರೆ ಅದು ಡಿಎನ್‌ಎಸ್ ತೊಂದರೆ. ಡಿಎನ್‌ಎಸ್ ಅಂದ್ರೆ ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್ ಇದ್ದಂಗ. ಹೆಸರು ಒತ್ತಿದರೆ ನಂಬರ್ ಹುಡುಕಿ ಕೊಡುತ್ತೆ. ಕಾಂಟ್ಯಾಕ್ಟ್ಸ್ ಅಳಿಸಿ ಹೋದರೂ ಫೋನ್ ಕೆಟ್ಟಿರಲ್ಲ, ಹೌದಲ್ರಿ? ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿದರೆ ಎಷ್ಟೋ ಸಲ ಸರಿಹೋಗುತ್ತೆ.

ಇನ್ನು ಒಂದೇ ಆ್ಯಪ್ ನಿಂತಿದ್ದರೆ ಮನೆಯ ವೈರ್ ಮುಟ್ಟಲೇಬೇಡಿ. 2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯಾ? ಒಂಬತ್ತರ ಸುಮಾರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಜಗತ್ತಿನಾದ್ಯಂತ ನಿಂತವು, ಸುಮಾರು ಆರು ತಾಸು. ತಪ್ಪು ಅವರ ಒಳಗಿನ ನೆಟ್‌ವರ್ಕ್ ಬದಲಾವಣೆಯಲ್ಲಿತ್ತು. ಅವತ್ತು ಎಷ್ಟು ಮನೆಗಳಲ್ಲಿ ರೌಟರ್‌ಗೆ ಪೆಟ್ಟು ಬಿದ್ದಿರಬೇಕು!

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ

ಇದು ನನ್ನ ಸ್ವಂತ ಪಾಪ. ಎರಡು ವರ್ಷದ ಹಿಂದೆ, ಇದೇ ಟಿಳಕವಾಡಿ ರೂಮಿನಲ್ಲಿ ನೆಟ್ ಹೋಯಿತು. ಬಾಕ್ಸಿನ ಹಿಂದೆ ಸಣ್ಣ ತೂತು, ಪಕ್ಕದಲ್ಲಿ ರೀಸೆಟ್ ಅಂತ ಬರೆದಿತ್ತು. ಸೇಫ್ಟಿ ಪಿನ್ ತೂರಿಸಿ ಹತ್ತು ಸೆಕೆಂಡ್ ಒತ್ತಿದೆ. ಲೈಟೆಲ್ಲಾ ಒಮ್ಮೆ ಮಿನುಗಿ, ವೈಫೈ ಹೆಸರು, ಪಾಸ್‌ವರ್ಡ್, ಕಂಪನಿ ಕೊಟ್ಟ ಲಾಗಿನ್, ಎಲ್ಲಾ ಅಳಿಸಿ ಹೋದವು. ಹುಡುಗ ಬಂದು ಮತ್ತೆ ತುಂಬೋವರೆಗೂ ಒಂದೂವರೆ ದಿನ, ಆ ವಾರದ ಸಂಚಿಕೆ ತಡ.

ರೀಸ್ಟಾರ್ಟ್ ಅಂದ್ರೆ ಮಲಗಿಸಿ ಎಬ್ಬಿಸೋದು. ರೀಸೆಟ್ ಅಂದ್ರೆ ನೆನಪೇ ಅಳಿಸೋದು. ಮಾಡಬೇಕಾದದ್ದು ಮೊದಲನೇದು: ಎರಡೂ ಬಾಕ್ಸ್ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಡಿ. ಮೊದಲು ಫೈಬರ್ ಬಾಕ್ಸ್ ಹಚ್ಚಿ, ಅದರ ಹಸಿರು ನಿಲ್ಲೋವರೆಗೂ ಕಾಯಿರಿ. ಆಮೇಲೆ ರೌಟರ್, ಕೊನೆಗೆ ಕಂಪ್ಯೂಟರ್. ನೀರು ಬರೋ ದಿಕ್ಕಿನಿಂದಲೇ ನಲ್ಲಿ ತೆರೆದಂಗ.

ಮಳೆನಾಡಿನ ಕಡೆಯವರಿಗೆ ಇನ್ನೊಂದು ಮಾತು. ಗುಡುಗು ಮಿಂಚು ಶುರುವಾದರೆ ಬಾಕ್ಸಿನ ಅಡಾಪ್ಟರ್ ಪ್ಲಗ್ಗಿನಿಂದ ಕಿತ್ತಿಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ನಿಜ. ಆದರೆ ಗೋಡೆಯ ಪ್ಲಗ್ಗಿನಿಂದ ಬರುತ್ತೆ. ರೌಟರ್‌ಗೆ ಅಂತ ಸಣ್ಣ ಯುಪಿಎಸ್ ತರೋದಾದ್ರೆ ಅಡಾಪ್ಟರ್ ಮೇಲಿನ ವೋಲ್ಟ್ ನೋಡಿಕೊಂಡೇ ತರ್ರಿ.

ಇವತ್ತೇ ಮಾಡಿಡಿ

ಈ ಸಂಚಿಕೆ ಮುಗಿದ ಕೂಡಲೇ ಒಂದು ಕೆಲಸ. ನೆಟ್ ಸರಿ ಇರುವಾಗಲೇ ಬಾಕ್ಸಿನ ಮುಂದಿನ ಲೈಟು, ಹಿಂದಿನ ಕೇಬಲ್, ಅಡಿಯ ಚೀಟಿ, ಮೂರರ ಫೋಟೋ ತೆಗೆದಿಡಿ. ಚೀಟಿಯ ಮೇಲೆ ಪಾಸ್‌ವರ್ಡ್ ಇರುತ್ತೆ, ಆ ಫೋಟೋ ಗ್ರೂಪಿಗೆ ಹಾಕಬೇಡಿ. ಲಾಗಿನ್ ಹೆಸರು, ಗ್ರಾಹಕ ಸಂಖ್ಯೆ ಬರೆದಿಡಿ, ರೀಚಾರ್ಜ್ ಮುಗಿಯೋ ತಾರೀಖು ಕೂಡ. ಅದು ಮುಗಿದದ್ದೇ ಗೊತ್ತಿಲ್ಲದೆ ಬಾಕ್ಸ್ ಬಿಚ್ಚಿದವರೂ ಇದ್ದಾರೆ.

ಕಂಪನಿಗೆ ಫೋನ್ ಮಾಡಿದಾಗ “ನೆಟ್ ಇಲ್ರೀ” ಅಂತಷ್ಟೇ ಹೇಳಬೇಡಿ. “ಎಲ್‌ಒಎಸ್ ಕೆಂಪು ಇದೆ, ಆರು ಗಂಟೆಯಿಂದ, ಫೈಬರ್ ಮಡಚಿಲ್ಲ” ಅನ್ನಿ. ಆಗ ಬರೋ ಹುಡುಗ ಸರಿಯಾದ ಸಾಮಾನು ತಗೊಂಡೇ ಬರ್ತಾನೆ.

ಮುಂದಿನ ವಾರ ಖಾನಾಪುರಕ್ಕೆ ಹೋಗಿದ್ದೆ. ರೌಟರ್ ಹಿಂದೆ ಹೆಬ್ಬಾಗಿಲ ತೂತಿಗೆ ಕೆಂಪು ಟೇಪ್, ಅದಕ್ಕೆ ಹೋಗೋ ಕೇಬಲ್ಲಿಗೂ ಕೆಂಪು ಟೇಪ್. ತಂಗಿ ಸುತ್ತಿದ್ದು, ಅಂಗಡಿಯ ಟೇಪೇ. ಮೇಲೆ ಚೀಟಿ: “ಅಪ್ಪಾ, ಕೆಂಪಿಗೆ ಕೆಂಪು.” ಕಾಕಾ ಅದನ್ನ ತೋರಿಸಿ ಹೇಳಿದರು, “ನನ್ನ ಮಗಳು ಮಾಡ್ಯಾಳ. ಈಗ ನಾನೂ ತಪ್ಪಂಗಿಲ್ಲ.”

ನಿಮ್ಮ ಮನೆಯಲ್ಲಿ ಯಾವ ಕೊಂಡಿ ಕಳಚಿತ್ತು, ವಾಯ್ಸ್ ಮೆಸೇಜ್ ಕಳಿಸ್ರಿ. ನೆಟ್ ಇದ್ರೆ! ಬರ್ತೀನ್ರಿ, ನಮಸ್ಕಾರ.