ಮಾಯಾರಾವ್: ನೃತ್ಯ ಸಂಯೋಜನೆಯೆಂಬ ವಿದ್ಯೆ ಮತ್ತು ಅದರ ಬೋಧನೆ

ಹಳಗನ್ನಡ ಕಾವ್ಯಗಳ ಪರಿಚಯವುಳ್ಳವರಿಗೆ ನೀಲಾಂಜನೆಯ ಪ್ರಸಂಗ ಹೊಸದಲ್ಲ. ಪಂಪನ ‘ಆದಿಪುರಾಣ’ದಲ್ಲಿ (ಕ್ರಿ.ಶ. 941) ದೇವನರ್ತಕಿ ನೀಲಾಂಜನೆಯು ಆದಿದೇವನ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ಆಯುಷ್ಯ ತೀರಿ ಮರೆಯಾಗುತ್ತಾಳೆ. ರಸಭಂಗವಾಗದಂತೆ ಇಂದ್ರನು ಅವಳನ್ನೇ ಹೋಲುವ ಇನ್ನೊಬ್ಬಳನ್ನು ಆ ಕ್ಷಣದಲ್ಲಿಯೇ ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದಿದೇವನಿಗೆ ಮಾತ್ರ ತಿಳಿಯುತ್ತದೆ. ಇದನ್ನು ವೈರಾಗ್ಯದ ನಿಮಿತ್ತವೆಂದು ವಿವರಿಸುವುದು ರೂಢಿ. ಆದರೆ ಇದರಲ್ಲಿ ಕಲಾಮೀಮಾಂಸೆಯ ಪ್ರಶ್ನೆಯೊಂದೂ ಅಡಗಿದೆ. ನರ್ತಕಿ ಬದಲಾದರೂ ನೃತ್ಯ ತಡೆಯಿಲ್ಲದೆ ಸಾಗಿತೆಂದರೆ, ಆ ನೃತ್ಯವಿದ್ದುದು ಎಲ್ಲಿ? ಕುಣಿದವಳ ದೇಹದಲ್ಲಿಯೋ, ಅದಕ್ಕೂ ಮೊದಲೇ ಯಾರೋ ಕಟ್ಟಿಟ್ಟ ರಚನೆಯಲ್ಲಿಯೋ? ಈ ಪ್ರಶ್ನೆಯನ್ನೇ ತಮ್ಮ ವೃತ್ತಿಯಾಗಿ ಸ್ವೀಕರಿಸಿದ ಕನ್ನಡನಾಡಿನ ಕಲಾವಿದೆ ಮಾಯಾರಾವ್ (1928-2014).

ಹೊರರಾಜ್ಯಗಳ ಸಂಶೋಧಕರಿಗೆ ಅವರು ಬಹುಮಟ್ಟಿಗೆ ದೆಹಲಿಯ ಕಥಕ್ ಕಲಾವಿದೆಯಾಗಿ ಪರಿಚಿತರು. ಬೆಂಗಳೂರಿನವರಿಗೆ ಮಲ್ಲೇಶ್ವರದ ಗುರುವಾಗಿ. ಈ ಎರಡು ಪರಿಚಯಗಳ ನಡುವೆ ಅವರ ಮುಖ್ಯ ಸಾಧನೆಯೇ ಕಣ್ತಪ್ಪುವ ಸಂಭವವಿದೆ.

ಮೊದಲು ಪರಿಭಾಷೆಯ ಮಾತು. ‘ಕೊರಿಯೋಗ್ರಫಿ’ಗೆ ಕನ್ನಡದಲ್ಲಿ ‘ನೃತ್ಯ ಸಂಯೋಜನೆ’ ಎಂಬ ಪದ ನೆಲೆಗೊಂಡಿದೆ. ‘ನೃತ್ಯ ನಿರ್ದೇಶನ’ ಎಂಬುದು ಚಲನಚಿತ್ರದ ಬಳಕೆ. ಅದರಲ್ಲಿ ರಚನೆಯ ಅಂಶಕ್ಕಿಂತ ಮೇಲ್ವಿಚಾರಣೆಯ ಧ್ವನಿಯೇ ಹೆಚ್ಚು. ಭರತನಾಟ್ಯದಲ್ಲಿ ನಟುವಾಂಗದ ಗುರು ಜತಿಗಳನ್ನು ಹೆಣೆಯುತ್ತಾನೆ. ಕಥಕ್‌ನಲ್ಲಿ ತೋಡಾ, ಪರಣಗಳು ಘರಾಣೆಯ ಆಸ್ತಿಯಾಗಿ ಶಿಷ್ಯನಿಗೆ ಇಳಿದುಬರುತ್ತವೆ. ರಚನೆ ಅಲ್ಲಿಯೂ ಇದೆ. ಆದರೆ ತಾನು ಕುಣಿಯದೆ, ಅನೇಕ ದೇಹಗಳನ್ನೂ ರಂಗದ ಅವಕಾಶವನ್ನೂ ಸಂಗೀತ, ಬೆಳಕು, ಉಡುಪುಗಳನ್ನೂ ಒಂದು ಕೃತಿಯಾಗಿ ಯೋಚಿಸುವ ಪ್ರತ್ಯೇಕ ವ್ಯಕ್ತಿಯ ಕಲ್ಪನೆ ನಮ್ಮ ಶಾಸ್ತ್ರೀಯ ನೃತ್ಯಗಳ ಏಕವ್ಯಕ್ತಿ ಪ್ರದರ್ಶನ ಕ್ರಮಕ್ಕೆ ಹೊಸತು. ಉದಯಶಂಕರರು (1900-1977) ಆ ಕಲ್ಪನೆಗೆ ಭಾರತದಲ್ಲಿ ರೂಪ ಕೊಟ್ಟರು. ಅದನ್ನು ಕಲಿಸಬಹುದಾದ, ಕಲಿಯಬಹುದಾದ ವಿದ್ಯೆಯನ್ನಾಗಿ ಕ್ರಮಗೊಳಿಸುವ ಕೆಲಸ ಉಳಿದಿತ್ತು.

ಮಾಯಾರಾವ್ ಅವರು 1928ರ ಮೇ 2ರಂದು ಬೆಂಗಳೂರಿನ ಮಲ್ಲೇಶ್ವರದಲ್ಲಿ, ಕೊಂಕಣಿ ಮನೆಮಾತಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಹಟ್ಟಂಗಡಿ ಸಂಜೀವರಾಯರು ವಾಸ್ತುಶಿಲ್ಪಿಗಳು. ಗೌರವಸ್ಥ ಮನೆಯ ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವುದನ್ನು ಸಮಾಜ ಒಪ್ಪದಿದ್ದ ಕಾಲವದು. ಬೆಂಗಳೂರಿನಲ್ಲಿ ಉದಯಶಂಕರರ ತಂಡದ ಪ್ರದರ್ಶನವನ್ನು ಕಂಡ ತಂದೆಯ ಮನಸ್ಸು ಬದಲಾಯಿತು. ನಗರದಲ್ಲಿ ಆಗ ರಾಮ್‌ಗೋಪಾಲ್ ಅವರ ನೃತ್ಯಶಾಲೆಯಿತ್ತು. ಜಯಪುರ ಘರಾಣೆಯ ಸೋಹನ್‌ಲಾಲ್ ಅಲ್ಲಿ ಕಥಕ್ ಕಲಿಸುತ್ತಿದ್ದರು. ದಕ್ಷಿಣದ ಹುಡುಗಿಯೊಬ್ಬಳು ಉತ್ತರದ ನೃತ್ಯವನ್ನು ಆಯ್ದುದಕ್ಕೆ ಗಹನವಾದ ಕಾರಣಗಳನ್ನು ಹುಡುಕಬೇಕಾಗಿಲ್ಲ. ಗುರು ಊರಿನಲ್ಲಿಯೇ ಇದ್ದರು.

ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಮೇಲೆ ಸಂಸಾರದ ಭಾರ ಹೆಗಲಿಗೆ ಬಂತು. ತಮ್ಮ ಮತ್ತು ತಂಗಿಯರ ಪಾಲನೆಗಾಗಿ ಅವರು ನೃತ್ಯಪಾಠ ಹೇಳತೊಡಗಿದರು. ಗಮನಿಸಬೇಕಾದ ಸಂಗತಿಯೆಂದರೆ, ಅವರಲ್ಲಿ ಶಿಕ್ಷಕಿ ಹುಟ್ಟಿದ್ದು ಕಲಾವಿದೆ ಮಾಗಿದ ನಂತರವಲ್ಲ, ಅದಕ್ಕೂ ಮುಂಚೆ, ಅನಿವಾರ್ಯತೆಯಿಂದ. ಜೊತೆಜೊತೆಗೆ ಇಂಗ್ಲಿಷ್ ಸಾಹಿತ್ಯದ ಅಧ್ಯಯನವೂ ನಡೆಯಿತು. ಮುಂದೆ ಮುಂಬಯಿಯಲ್ಲಿ ಜಯಪುರ ಘರಾಣೆಯ ಸುಂದರ ಪ್ರಸಾದರಲ್ಲಿ, ಐವತ್ತರ ದಶಕದ ನಡುವೆ ದೆಹಲಿಯ ಭಾರತೀಯ ಕಲಾಕೇಂದ್ರದಲ್ಲಿ ಲಖನೌ ಘರಾಣೆಯ ಶಂಭು ಮಹಾರಾಜರಲ್ಲಿ ಶಿಕ್ಷಣ ಪಡೆದರು. ಜಯಪುರದ್ದು ಹೆಜ್ಜೆ ಮತ್ತು ಲಯಗಳ ಬಿಗಿ. ಲಖನೌದ್ದು ಭಾವಾಭಿನಯದ ನಯ. ಎರಡು ಪರಂಪರೆಗಳನ್ನೂ ಒಳಗಿನಿಂದ ಬಲ್ಲವರಿಗೆ ಯಾವುದೇ ಒಂದನ್ನು ಪ್ರಶ್ನಾತೀತವೆಂದು ನಂಬುವುದು ಕಷ್ಟ. ಸಂಯೋಜಕಿಗೆ ಬೇಕಾದ ಸ್ವಾತಂತ್ರ್ಯ ಅವರಿಗೆ ಇಲ್ಲಿಂದಲೇ ಒದಗಿರಬೇಕೆಂದು ನನ್ನ ಊಹೆ.

1960ರಲ್ಲಿ ಸೋವಿಯತ್ ಒಕ್ಕೂಟದ ವಿದ್ಯಾರ್ಥಿವೇತನ ದೊರೆತು ಅವರು ಮಾಸ್ಕೋಗೆ ತೆರಳಿದ್ದು ಈ ಜೀವನದ ನಿರ್ಣಾಯಕ ತಿರುವು. ಅಲ್ಲಿನ ರಂಗಕಲಾ ಸಂಸ್ಥೆಯಲ್ಲಿ ನೃತ್ಯ ಸಂಯೋಜನೆಗೇ ಮೀಸಲಾದ ವಿಭಾಗವಿತ್ತು. ಅದರ ಪ್ರಮುಖರಾಗಿದ್ದ ರೊಸ್ಟಿಸ್ಲಾವ್ ಜಖಾರೋವ್ ಅವರು ಪುಷ್ಕಿನ್ ಕವಿಯ ಕಾವ್ಯವನ್ನು ಆಧರಿಸಿ 1934ರಲ್ಲಿ ‘ಬಖ್ಚಿಸರಾಯ್‌ನ ಕಾರಂಜಿ’ ಎಂಬ ಬ್ಯಾಲೆಯನ್ನು ರಂಗಕ್ಕೆ ತಂದವರು. ಸಾಹಿತ್ಯಕೃತಿಯನ್ನು ನಾಟಕೀಯ ನೃತ್ಯವಾಗಿ ಪರಿವರ್ತಿಸುವುದರಲ್ಲಿ ಪಳಗಿದವರು. ಅಂಥವರ ಬಳಿ ಕಲಿತ ಭಾರತೀಯ ವಿದ್ಯಾರ್ಥಿನಿ ಮರಳಿದ್ದು ಬ್ಯಾಲೆಯ ಹೆಜ್ಜೆಗಳನ್ನು ಹೊತ್ತಲ್ಲ. ಅವರು ತಂದದ್ದು ಒಂದು ಕ್ರಮವನ್ನು: ವಸ್ತುವನ್ನು ಘಟನೆಗಳಾಗಿ ಒಡೆಯುವುದು, ಗುಂಪನ್ನು ರಂಗದಲ್ಲಿ ತೂಗಿಸುವುದು, ಸಂಗೀತದೊಡನೆ ಮೊದಲೇ ಒಪ್ಪಂದಕ್ಕೆ ಬರುವುದು. ಕಥಕ್ ಕಥಕ್ ಆಗಿಯೇ ಉಳಿಯಿತು.

ಈ ಮಾತನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ನಾನು ಈ ಲೇಖನ ಬರೆಯುತ್ತಿರುವ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ ಅವರು ಎಂಬತ್ತರ ದಶಕದಲ್ಲಿ ರೂಪಿಸಿದ ವಸತಿ ಸಮುಚ್ಚಯವೊಂದಿದೆ. ಕಲಾವಿದರ ಗ್ರಾಮವೆಂದೇ ಅದು ಪ್ರಸಿದ್ಧ. ಏಳು ಮನೆಗಳು ಒಂದು ಚಿಕ್ಕ ಅಂಗಳವನ್ನು ಸುತ್ತುವರಿಯುತ್ತವೆ; ಅಂತಹ ಮೂರು ಗುಂಪುಗಳು ಸೇರಿ ಮತ್ತೊಂದು ದೊಡ್ಡ ಅಂಗಳವಾಗುತ್ತದೆ. ನಿವಾಸಿಗಳು ಮನೆಗಳನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡಿದ್ದಾರೆ, ಹಲವನ್ನು ಗುರುತಿಸುವುದೇ ಕಷ್ಟ. ಆದರೂ ಅಂಗಳಗಳ ವಿನ್ಯಾಸ ಕಾಣುತ್ತದೆ. ಗೋಡೆಗಳಷ್ಟೇ ಬರಿದಾದ ಅವಕಾಶವೂ ವಾಸ್ತುಶಿಲ್ಪಿಯ ರಚನೆ. ಸಮೂಹ ನೃತ್ಯದಲ್ಲಿ ನರ್ತಕರ ನಡುವಣ ಅಂತರಕ್ಕೂ ಇದೇ ಸ್ಥಾನ. ಏಕವ್ಯಕ್ತಿ ಕಥಕ್‌ನಲ್ಲಿ ಚಕ್ಕರ್ ತೆಗೆದುಕೊಳ್ಳುವ ನರ್ತಕಿ ತನ್ನ ಅಕ್ಷವೊಂದನ್ನು ಕಾಯ್ದುಕೊಂಡರೆ ಸಾಕು. ಎಂಟು ಮಂದಿ ಒಟ್ಟಿಗೆ ಸುತ್ತಿ ‘ಸಮ್’ಗೆ ಬಂದು ನಿಲ್ಲುವಾಗ ನೋಡುಗನ ಕಣ್ಣು ಯಾರ ಮೇಲೆ ಬೀಳಬೇಕೆಂಬುದನ್ನು ಮೊದಲೇ ನಿರ್ಧರಿಸಿರಬೇಕು. ವಾಸ್ತುಶಿಲ್ಪಿಯ ಮಗಳಿಗೆ ಈ ವಿಚಾರ ಅಷ್ಟೇನೂ ಅಪರಿಚಿತವಾಗಿ ತೋರಿರಲಾರದು.

1964ರಲ್ಲಿ ಮರಳಿದ ಅವರಿಗೆ ಆಸರೆಯಾದವರು ಮಂಗಳೂರು ಮೂಲದ ಕಮಲಾದೇವಿ ಚಟ್ಟೋಪಾಧ್ಯಾಯರು. ಭಾರತೀಯ ನಾಟ್ಯ ಸಂಘದ ಆಶ್ರಯದಲ್ಲಿ ದೆಹಲಿಯಲ್ಲಿ ನೃತ್ಯ ಸಂಯೋಜನೆಗಾಗಿಯೇ ‘ನಾಟ್ಯ ಇನ್‌ಸ್ಟಿಟ್ಯೂಟ್’ ಆರಂಭವಾಯಿತು. ಘರಾಣೆಯ ಗುರುಕುಲಗಳೂ ಸಂಗೀತ-ನೃತ್ಯ ವಿದ್ಯಾಲಯಗಳೂ ದೇಶದಲ್ಲಿ ಧಾರಾಳವಾಗಿದ್ದವು. ಕುಣಿಯುವುದನ್ನಲ್ಲದೆ ಕಟ್ಟುವುದನ್ನು ಕಲಿಸುವ ಶಾಲೆ ಅಪೂರ್ವ. ‘ತುಲಸೀ ಕೇ ರಾಮ್’, ‘ವೆಂಕಟೇಶ್ವರ ವಿಲಾಸಂ’ ಮೊದಲಾದ ನೃತ್ಯರೂಪಕಗಳನ್ನು ಅವರು ಸಂಯೋಜಿಸಿದರು. 1987ರಲ್ಲಿ, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾಗಿದ್ದಾಗ, ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂತು. ‘ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕಥಕ್ ಅಂಡ್ ಕೊರಿಯೋಗ್ರಫಿ’ ಎಂದು ಹೆಸರಾಯಿತು. ಭರತನಾಟ್ಯವೇ ಪ್ರಧಾನವಾಗಿದ್ದ ನಗರದಲ್ಲಿ ಕಥಕ್‌ಗೆ ಇಂದು ನೆಲೆಯೊಂದಿದ್ದರೆ ಅದರ ಬಹುಪಾಲು ಶ್ರೇಯಸ್ಸು ಈ ಸಂಸ್ಥೆಗೆ ಸಲ್ಲಬೇಕು. ನಿರುಪಮಾ-ರಾಜೇಂದ್ರ, ನಂದಿನಿ ಮೆಹ್ತಾ, ಮುರಳಿ ಮೋಹನ್ ಅವರ ಶಿಷ್ಯವರ್ಗಕ್ಕೆ ಸೇರಿದವರು. ಮಗಳು ಮಧು ನಟರಾಜ್ 1995ರಲ್ಲಿ ‘ಸ್ಟೆಮ್ ಡಾನ್ಸ್ ಕಂಪನಿ’ಯನ್ನು ಸ್ಥಾಪಿಸಿ ಸಮಕಾಲೀನ ನೃತ್ಯದ ಕಡೆಗೆ ಹೊರಳಿದರು.

ಪ್ರಶಸ್ತಿಗಳ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ: 1989ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ಅನಂತರ ರಾಜ್ಯದ ಶಾಂತಲಾ ಪ್ರಶಸ್ತಿ ಸಂದವು.

ಸಂಶೋಧಕರಿಗೆ ನಿಜವಾದ ತೊಡಕು ಬೇರೆ. ತಾಡವೋಲೆಯ ಕಾವ್ಯವನ್ನು ಸಂಪಾದಿಸುವವನು ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸಬಲ್ಲ. ನೃತ್ಯ ಸಂಯೋಜನೆಗೆ ಪ್ರತಿಯೆಲ್ಲಿ? ಚಲನೆಯನ್ನು ಬರೆದಿಡುವ ಲಿಪಿಯನ್ನು ರುಡಾಲ್ಫ್ ಲಾಬಾನ್ 1928ರಲ್ಲಿಯೇ ಪ್ರಕಟಿಸಿದ್ದರೂ ನಮ್ಮ ನೃತ್ಯಗಳಲ್ಲಿ ಅದು ಬಳಕೆಗೆ ಬರಲಿಲ್ಲ. ಕಥಕ್‌ನ ಬೋಲ್‌ಗಳನ್ನು ಬರೆದುಕೊಂಡರೆ ತಾಳ ಉಳಿಯುತ್ತದೆ, ರಂಗದ ವಿನ್ಯಾಸ ಉಳಿಯದು. ಒಂದೇ ರೂಪಕವನ್ನು ಬೇರೆ ಬೇರೆ ಕಾಲದಲ್ಲಿ ಆಡಿದ ಶಿಷ್ಯರನ್ನು ಪ್ರತ್ಯೇಕವಾಗಿ ಕೇಳಿ, ಅವರು ಅಭಿನಯಿಸಿ ತೋರಿಸುವುದನ್ನು ಹೋಲಿಸುವುದೊಂದೇ ದಾರಿ. ಅಂತಹವರಲ್ಲಿ ದೆಹಲಿಯ ಮೊದಲ ತಲೆಮಾರಿನವರಿಗೆ ಈಗ ವಯಸ್ಸಾಗಿದೆ. ಮಾಯಾರಾವ್ ಅವರ ಇಂಗ್ಲಿಷ್ ಆತ್ಮಕಥೆ 2014ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಸೆಪ್ಟೆಂಬರ್ 1ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಜೀವನದ ವಿವರಗಳಿಗೆ ಆ ಗ್ರಂಥ ಸಾಕು. ರೂಪಕಗಳ ವಿವರಗಳಿಗೆ ಶಿಷ್ಯರ ಮನೆಬಾಗಿಲಿಗೇ ಹೋಗಬೇಕು.