ಥೈರಾಯ್ಡ್ ಇರೋ ನಾಯಿಗೆ ಅರಿವಳಿಕೆ: ಬಿಪಿ ನಾರ್ಮಲ್ ಇದ್ದರೆ ಸಾಕಾ?

ನಮ್ಮ ಕಡಹಿನಬೈಲು ಕಡೆ ತೋಟದ ಮನೆಯ ನಾಯಿ ದಪ್ಪ ಆಗಿ, ಬಚ್ಚಲೊಲೆ ಬುಡ ಬಿಟ್ಟು ಏಳದಿದ್ದರೆ "ಅದಕ್ಕೆ ವಯಸ್ಸಾಯ್ತು, ಸೋಮಾರಿ" ಅಂತ ನಾವೇ ತೀರ್ಪು ಕೊಟ್ಟುಬಿಡ್ತೀವಿ. ಅದು ಥೈರಾಯ್ಡ್ ಕಾಯಿಲೆಯೂ ಆಗಿರಬಹುದು. ಮುಂದೆ ಯಾವತ್ತೋ ಗಡ್ಡೆ ತೆಗೆಸೋಕೆ ಅದೇ ನಾಯಿಯನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸಿದಾಗ ಈ ವಿಷಯ ಅದರ ಪ್ರಾಣದ ಪ್ರಶ್ನೆ.

ಬೆಕ್ಕುಗಳಲ್ಲಿ ಥೈರಾಯ್ಡ್ ಹಾರ್ಮೋನ್ ಹೆಚ್ಚಾಗೋದು ಸಾಮಾನ್ಯ, ನಾಯಿಗಳಲ್ಲಿ ಕಡಿಮೆ ಆಗೋದು. ಹೆಚ್ಚಾಗಿ ನಡುವಯಸ್ಸಿನಲ್ಲಿ, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಮಾಡುತ್ತೆ, ಇಲ್ಲವೇ ಗ್ರಂಥಿ ತಾನಾಗಿ ಸೊರಗುತ್ತೆ. ತೂಕ ಏರುತ್ತೆ, ಬಾಲದ ಮತ್ತು ಪಕ್ಕೆಯ ಕೂದಲು ಉದುರುತ್ತೆ, ಚಳಿ ತಡೆಯಲ್ಲ, ನಾಡಿ ನಿಧಾನ.

ಇದನ್ನ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಭಾಷೆಯಲ್ಲೇ ನೋಡೋಣ. ಒತ್ತಡ = ಹರಿವು × ಅಡೆತಡೆ. ಪಂಪ್ ಅಂದರೆ ಹೃದಯ, ಪೈಪ್ ಅಂದರೆ ರಕ್ತನಾಳ. ಥೈರಾಯ್ಡ್ ಹಾರ್ಮೋನ್ ಕಡಿಮೆ ಆದಾಗ ಹೃದಯದ ಬಡಿತವೂ ಹಿಂಡುವ ಬಲವೂ ಇಳಿಯುತ್ತೆ, ಅಂದರೆ ಹರಿವು ಕಡಿಮೆ. ದೇಹ ಸುಮ್ಮನಿರಲ್ಲ, ರಕ್ತನಾಳಗಳನ್ನು ಬಿಗಿ ಮಾಡಿ ಅಡೆತಡೆ ಹೆಚ್ಚಿಸುತ್ತೆ.

ಲೆಕ್ಕಕ್ಕೆ ಕೆಲವು ಅಂಕಿ ಇಟ್ಟುಕೊಳ್ಳೋಣ. ಆರೋಗ್ಯವಂತ ನಾಯಿಯಲ್ಲಿ 4 × 25 = 100. ಥೈರಾಯ್ಡ್ ನಾಯಿಯಲ್ಲಿ 2.5 × 40 = 100. ಬಿಪಿ ಮೆಷಿನ್‌ಗೆ ಎರಡೂ ಒಂದೇ!

ಈಗ ಅರಿವಳಿಕೆ. ಪ್ರೊಪೊಫಾಲ್, ಐಸೊಫ್ಲುರೇನ್ ಎರಡೂ ರಕ್ತನಾಳಗಳನ್ನು ಸಡಿಲ ಮಾಡುತ್ತವೆ. ಅಡೆತಡೆ ಶೇ. 40 ಇಳಿಯಿತು ಅಂದುಕೊಳ್ಳಿ. ಆರೋಗ್ಯವಂತ ನಾಯಿಯ ಹೃದಯ ಸ್ವಲ್ಪ ಜೋರಾಗಿ ಬಡಿದು ಹರಿವನ್ನು 4.8ಕ್ಕೆ ಏರಿಸಿದರೆ 4.8 × 15 = 72. ಥೈರಾಯ್ಡ್ ನಾಯಿಯ ಹೃದಯಕ್ಕೆ ಆ ಶಕ್ತಿ ಇಲ್ಲ, ಔಷಧಿಯಿಂದ ಅದು ಇನ್ನಷ್ಟು ಕುಗ್ಗಿ 2.2 × 24, ಸುಮಾರು 53. ನಿಜವಾದ ನಾಯಿಯಲ್ಲಿ ಸರಾಸರಿ ಬಿಪಿ 60 ಮಿ.ಮೀ. ಪಾದರಸಕ್ಕಿಂತ ಕೆಳಗೆ ಹೋದರೆ ಕಿಡ್ನಿ, ಮೆದುಳಿಗೆ ಸಾಕಷ್ಟು ರಕ್ತ ಸಿಗದೇ ಹೋಗಬಹುದು. ಅಂದರೆ ಆಪರೇಷನ್‌ಗೆ ಮುಂಚಿನ ನಾರ್ಮಲ್ ಬಿಪಿ ಪಂಪ್ ಎಷ್ಟು ಗಟ್ಟಿ ಇದೆ ಅಂತ ಹೇಳೋದೇ ಇಲ್ಲ.

ಜೊತೆಗೆ ಚಳಿ. ನಾಯಿಯ ಮೈಬಿಸಿ ಸುಮಾರು 38ರಿಂದ 39 ಡಿಗ್ರಿ. ಥೈರಾಯ್ಡ್ ಕಡಿಮೆ ಇದ್ದರೆ ದೇಹ ಶಾಖ ಹುಟ್ಟಿಸೋದೇ ಕಡಿಮೆ, ಅರಿವಳಿಕೆಯಲ್ಲಿ ಅದು ಇನ್ನೂ ಇಳಿಯುತ್ತೆ. ಮೈ ತಣ್ಣಗಾದಷ್ಟೂ ಬಡಿತ ನಿಧಾನ, ಔಷಧಿ ಕರಗೋದೂ ನಿಧಾನ, ಎಚ್ಚರ ಆಗೋದು ತಡ. ಮಳೆಗಾಲದಲ್ಲಿ ನೆನೆದ ನಾಯಿಯನ್ನು ಹಾಗೇ ಒಯ್ಯಬೇಡಿ, ಒರೆಸಿ ಕಂಬಳಿ ಹೊದಿಸಿ.

ಇದಕ್ಕೆಲ್ಲ ಪಶುವೈದ್ಯರ ಹತ್ತಿರ ದಾರಿ ಇದೆ. ಔಷಧಿಯನ್ನು ಅಳೆದು ಅಳೆದು ಕೊಡ್ತಾರೆ, ಡ್ರಿಪ್ ಹಾಕ್ತಾರೆ, ಬಡಿತ ಇಳಿದರೆ ಅಟ್ರೊಪಿನ್, ಹೃದಯದ ಬಲಕ್ಕೆ ಡೊಬುಟಮಿನ್. ತುರ್ತು ಇಲ್ಲದಿದ್ದರೆ ಆಪರೇಷನ್ ಮುಂದೂಡಿ ಕೆಲವು ವಾರ ಲೆವೊಥೈರಾಕ್ಸಿನ್ ಮಾತ್ರೆ ಕೊಟ್ಟು ಪಂಪನ್ನೇ ರಿಪೇರಿ ಮಾಡೋದು ಒಳ್ಳೇದು. ಬೇರೆ ಕಾಯಿಲೆ ಇದ್ದಾಗಲೂ ಟಿ4 ಕಡಿಮೆ ತೋರಿಸೋದರಿಂದ ಅದರ ಜೊತೆ ಟಿಎಸ್‌ಎಚ್ ಕೂಡ ನೋಡ್ತಾರೆ.

ಆದರೆ ಇದೆಲ್ಲ ಶುರು ಆಗೋದು ಮನೆಯವರ ಬಾಯಿಂದ. ಊರಿನ ಪಶು ಆಸ್ಪತ್ರೆ ಇರಲಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿರಲಿ, ಚುಚ್ಚುಮದ್ದಿಗೆ ಮೊದಲೇ ಹೇಳಿ: "ಡಾಕ್ಟ್ರೇ, ಇತ್ತೀಚೆಗೆ ಇದು ದಪ್ಪ ಆಗಿದೆ, ಕೂದಲು ಉದುರ್ತಿದೆ, ಚಳಿ ಅಂದರೆ ಆಗಲ್ಲ." ಮಾತ್ರೆ ತಗೊಳ್ಳೋ ನಾಯಿ ಆದರೆ ಅದರ ಚೀಟಿ ಒಯ್ಯಿರಿ, ಆಪರೇಷನ್ ದಿನ ಬೆಳಿಗ್ಗೆ ಮಾತ್ರೆ ಕೊಡಬೇಕಾ ಅಂತಲೂ ಕೇಳಿ. ರಜೆಗೆ ಊರಿಗೆ ಹೋದಾಗ ನಿಮ್ಮ ಮನೆ ನಾಯಿಯ ಬಾಲ ಒಮ್ಮೆ ನೋಡಿ.